ಇಲ್ಲದ ಒಂಬತ್ತನೆಯ ಬಾವಿ

2019ರ ಮಾರ್ಚ್ 11, ಸೋಮವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಮೇಲ್ಪಾಳೂರು ಪೊಲೀಸ್ ಠಾಣೆಗೆ ಧೂಳು ಹಿಡಿದ ಬೂಟು ಹಾಕಿದ ಒಬ್ಬ ಹೆಂಗಸು ಬಂದು, ಹೆಡ್ ಕಾನ್‌ಸ್ಟೆಬಲ್ ಏಳುಮಲೈಯ ಮೇಜಿನ ಮೇಲೆ ಒಂದು ಕಾಗದ ಇಟ್ಟರು.

"ಕಳವಿನ ದೂರು ಕೊಡಬೇಕು."

"ಏನು ಹೋಗಿದೆ ಅಮ್ಮಾ?"

"ನೀರು."

ಏಳುಮಲೈ ಪೆನ್ನು ಕೆಳಗಿಟ್ಟ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದ ಮನುಷ್ಯ, ಹಸು, ಮೋಟಾರು, ತಾಮ್ರದ ತಂತಿ ಎಲ್ಲದರ ಕಳವನ್ನೂ ಬರೆದವನು.

"ನೀರು ಹೋಗಿದೆ. ಪಾತ್ರೆ ಇದೆಯಾ?"

"ಪಾತ್ರೆ ಇದೆ, ಪಾತ್ರೆ ತುಂಬ ನೀರೂ ಇದೆ. ಆದರೆ ಅದು ನಮ್ಮ ನೀರಲ್ಲ."

"ಮೇಡಂ," ಎಂದು ಏಳುಮಲೈ ಒಳಕೋಣೆಯ ಕಡೆ ಕೂಗಿದ. "ಸ್ವಲ್ಪ ಬನ್ನಿ. ಇದು ನನ್ನ ಕೈಲಾಗೋ ಕೇಸಲ್ಲ."

ಇನ್ಸ್‌ಪೆಕ್ಟರ್ ವೆಣ್ಣಿಲಾ ದೂರುದಾರರನ್ನು ಕೂರಿಸಿ, ಟೀ ತರಿಸಿ, ಮೊದಲಿಂದ ಹೇಳಿ ಎಂದಳು. ಬಂದವರು ಡಾಕ್ಟರ್ ಮರಗದಂ, ಸರ್ಕಾರಿ ಕಲಾ ಕಾಲೇಜಿನ ಭೂವಿಜ್ಞಾನ ವಿಭಾಗದ ಮುಖ್ಯಸ್ಥೆ. ಪ್ರತಿ ವರ್ಷ ಕೊನೆಯ ವರ್ಷದ ಮಕ್ಕಳನ್ನು ಮೂರು ವಾರ ಬಯಲಿಗೆ ಕರೆದುಕೊಂಡು ಹೋಗಿ ಕೆಲಸ ಕಲಿಸುತ್ತಾರೆ. ಬಾವಿಯ ನೀರು ಹೇಗೆ ತೆಗೆಯಬೇಕು, ಮಣ್ಣನ್ನು ಎಷ್ಟು ಆಳದಿಂದ ಎತ್ತಬೇಕು, ಯಾವ ಬಾಟಲಿಗೆ ಏನು ಬರೆಯಬೇಕು, ಇಂಥವು. ಕಲ್ಲಿನ ಹೆಸರು ಬಾಯಿಪಾಠ ಮಾಡಿದವರಿಗೆ ಯಾರೂ ಕೆಲಸ ಕೊಡುವುದಿಲ್ಲ. ಮಾಲಿನ್ಯ ಅಳೆಯಲು ಬಲ್ಲವರಿಗೆ ಕೊಡುತ್ತಾರೆ.

ಈ ಸಲ ಜಿಲ್ಲಾಧಿಕಾರಿಯೇ ಒಂದು ಕೆಲಸ ಒಪ್ಪಿಸಿದ್ದರು. ಪಾಲಾರ್ ದಂಡೆಯ ಆವಾರಂಪಟ್ಟಿಯ ಸುತ್ತಲ ಬಾವಿಗಳಲ್ಲಿ ಹಳೇ ತೊಗಲು ಕಾರ್ಖಾನೆಯ ಕ್ರೋಮಿಯಂ ಇದೆಯೋ ಇಲ್ಲವೋ ಪರೀಕ್ಷೆ ಮಾಡಿಸಬೇಕು. ಇದ್ದರೆ ಆ ಬಾವಿ ಮುಚ್ಚಿ ಊರಿಗೆ ಕೊಳವೆ ನೀರು.

"ಮಾರ್ಚ್ ನಾಲ್ಕನೇ ತಾರೀಖು ನೀರು ತೆಗೆದ್ವಿ. ಎರಡು ತಂಡ. ಪೂರ್ವದ ತಂಡ ನಾಲ್ಕು ಬಾವಿ, ಪಶ್ಚಿಮದ ತಂಡ ನಾಲ್ಕು ಬಾವಿ. ಒಂದೊಂದಕ್ಕೂ ಎರಡೆರಡು ಬಾಟಲಿ. ಐಸ್ ಪೆಟ್ಟಿಗೆಗೆ ಹಾಕಿ, ಬೀಗಮುದ್ರೆ ಮಾಡಿ, ಮರುದಿನ ಬೆಳಿಗ್ಗೆ ಚೆನ್ನೈನ ಪ್ರಯೋಗಾಲಯಕ್ಕೆ ಕಳಿಸಿದ್ವಿ. ಮೊನ್ನೆ ಶನಿವಾರ ವರದಿ ಬಂತು. ಎಲ್ಲ ಬಾವಿಯೂ ಚೊಕ್ಕ."

"ಒಳ್ಳೇದೇ ಆಯ್ತಲ್ಲ."

"ಒಂಬತ್ತನೇ ಬಾವಿ ನೋಡಿ."

ವೆಣ್ಣಿಲಾ ವರದಿ ನೋಡಿದಳು. ಒಂಬತ್ತನೇ ಬಾವಿಯಲ್ಲಿ ಗಡಸುತನ ಇಷ್ಟು, ಫ್ಲೋರೈಡ್ ಇಷ್ಟು ಎಂದಿತ್ತು.

"ಒಂಬತ್ತನೇ ಬಾವಿ ಅಂತ ಒಂದು ಇಲ್ಲವೇ ಇಲ್ಲ," ಎಂದರು ಮರಗದಂ. "ಅದು ನಾನೇ ತುಂಬಿಸಿದ ಭಟ್ಟಿ ಇಳಿಸಿದ ನೀರು. ಅದರಲ್ಲಿ ಏನೂ ಇರಬಾರದು. ಪ್ರಯೋಗಾಲಯದವರನ್ನ ಪರೀಕ್ಷೆ ಮಾಡೋಕೆ ಹಾಗೆ ಸುಳ್ಳು ಹೆಸರಿಟ್ಟು ಒಂದು ಕಳಿಸ್ತೀವಿ. ನನ್ನನ್ನ ಮತ್ತು ನನ್ನ ಜೊತೆಗಿದ್ದ ಪಶ್ಚಿಮದ ತಂಡದ ಮೂರು ಹುಡುಗಿಯರನ್ನ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಈಗ ನೋಡಿದರೆ ಒಂಬತ್ತರಲ್ಲೂ ಒಂದೇ ನೀರು. ಯಾರೋ ಎಲ್ಲ ಚೆಲ್ಲಿ, ಒಂದೇ ಬಾವಿಯ ನೀರು ತುಂಬಿಸಿದಾರೆ."

ಏಳುಮಲೈ ನಿಧಾನಕ್ಕೆ ಪೆನ್ನು ಎತ್ತಿಕೊಂಡ. ಕಳವು, ಸರ್ಕಾರಿ ಸಾಕ್ಷ್ಯ ನಾಶ. ಹನ್ನೊಂದು ಹತ್ತಕ್ಕೆ ಎಫ್‌ಐಆರ್ ಸಂಖ್ಯೆ 114/2019 ದಾಖಲಾಯಿತು. ಆರೋಪಿಯ ಜಾಗದಲ್ಲಿ 'ಅಪರಿಚಿತರು' ಎಂದು ಬರೆದ.

ಆ ಶಾಯಿ ಒಣಗುವ ಮೊದಲೇ ಕಾಲೇಜಿನ ಪ್ರಾಂಶುಪಾಲರು ಇನ್ನೊಂದು ಕಾಗದ ಹಿಡಿದು ಬಂದರು. ಸಫಾರಿ ಸೂಟು, ಕಂಕುಳಲ್ಲಿ ಚರ್ಮದ ಚೀಲ. ಅವರಿಗೆ ತನಿಖೆ ಬೇಕಿರಲಿಲ್ಲ, ತೀರ್ಪು ಸಿದ್ಧವಿತ್ತು.

"ಅಪರಿಚಿತರು ಯಾಕೆ ಬರೆದ್ರಿ? ಯಾಳಿನಿ ಅಂತ ಬರೀರಿ. ಪೆಟ್ಟಿಗೆಯ ಜವಾಬ್ದಾರಿ ಅವಳದು. ಮುಚ್ಚಳದ ಮೇಲೆ ಅಂಟಿಸಿದ ಮುದ್ರೆಪಟ್ಟಿಯಲ್ಲಿ ಅವಳದೇ ಸಹಿ. ಚೆನ್ನೈಗೆ ಹೋದಾಗ ಪಟ್ಟಿ ಹರಿದಿರಲಿಲ್ಲ. ಅವಳಪ್ಪ ಇನ್ನೊಂದು ತೊಗಲು ಕಾರ್ಖಾನೆಯಲ್ಲಿ ಮೇಸ್ತ್ರಿ. ಇನ್ನೇನು ಬೇಕು ನಿಮಗೆ?"

"ಸ್ವಲ್ಪ ಸಮಯ ಬೇಕು ಸಾರ್."

"ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಶಿಸ್ತು ಸಮಿತಿ ಕೂರುತ್ತೆ. ಅಷ್ಟರೊಳಗೆ ಬೇರೆ ಹೆಸರು ಬರದಿದ್ದರೆ ಅವಳನ್ನ ಕಾಲೇಜಿಂದ ತೆಗೆದುಹಾಕ್ತೀವಿ."

ಅವರು ಹೋದ ಮೇಲೆ ಮರಗದಂ ಹೇಳಿದರು: ಯಾಳಿನಿಗೆ ಪರಿಸರ ಸಮೀಕ್ಷೆಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ, ಜೂನ್ ಮೂರಕ್ಕೆ ಸೇರಬೇಕು. ಹೆಸರು ಎಫ್‌ಐಆರ್‌ಗೆ ಬಂದರೆ, ಇಲ್ಲವೇ ಕಾಲೇಜು ಹೊರಗೆ ಹಾಕಿದರೆ, ಆ ಕೆಲಸ ಮಾತ್ರ ಹೋಗುವುದಲ್ಲ. ಮಾದರಿ ತಿರುಚಿದವಳು ಎನಿಸಿಕೊಂಡವಳನ್ನು ಈ ಕಸುಬಿನಲ್ಲಿ ಯಾರೂ ಹತ್ತಿರ ಸೇರಿಸುವುದಿಲ್ಲ. ವೆಣ್ಣಿಲಾ ಕ್ಯಾಲೆಂಡರ್ ನೋಡಿದಳು. ನಾಲ್ಕು ದಿನ. ನಾಲ್ಕು ದಿನ ಅವಳಿಗೆ ಕಡಿಮೆಯೇನಲ್ಲ, ಇದಕ್ಕಿಂತ ಕಡಿಮೆಯಲ್ಲಿ ಇದಕ್ಕಿಂತ ಸಿಕ್ಕಾದದ್ದನ್ನು ಬಿಡಿಸಿದ್ದಳು.

ಅಂದೇ ಮಧ್ಯಾಹ್ನ ಎರಡೂವರೆಗೆ ಆವಾರಂಪಟ್ಟಿಯಲ್ಲಿ ಸ್ಥಳ ಪಂಚನಾಮೆ. ಶಿಬಿರ ಇದ್ದದ್ದು ಪಂಚಾಯಿತಿಯ ಹಳೇ ಕಟ್ಟಡದಲ್ಲಿ. ಒಂದು ಕೋಣೆಯಲ್ಲಿ ಹುಡುಗಿಯರು, ಇನ್ನೊಂದರಲ್ಲಿ ಹುಡುಗರು, ನಡುವಿನ ಜಗಲಿಯಲ್ಲಿ ಸಾಮಾನು. ಪೆಟ್ಟಿಗೆ ಇಟ್ಟಿದ್ದು ಜಗಲಿಯಲ್ಲಿ. ಖಾಲಿ ಬಾಟಲಿಗಳ ಗೋಣಿ, ಹಗ್ಗ, ಮಣ್ಣು ಕೊರೆಯುವ ಕೈಬೈರಿಗೆ, ಆಮ್ಲದ ಸೀಸೆ, ಎಲ್ಲ ಅಲ್ಲೇ. ಹಿತ್ತಲಲ್ಲಿ ಕಾಲೇಜಿನ ಸಹಾಯಕ ಪಚ್ಚೈಯಪ್ಪನ್ ಮಕ್ಕಳಿಗೆ ರಸಂ ಕುದಿಸುತ್ತಿದ್ದ. ಐವತ್ತೆಂಟು ವಯಸ್ಸು, ತೆಳ್ಳಗಿನ ಮೈ, ಕಿವಿಯ ಮೇಲೆ ಪೆನ್ಸಿಲು. ಇದೇ ಊರಿನವನು.

"ಊಟ ಮಾಡ್ಕೊಂಡು ಹೋಗಬೇಕಮ್ಮಾ," ಎಂದ. "ನಮ್ಮ ಮಕ್ಕಳು ಕಳ್ಳರಲ್ಲ, ಉಪ್ಪು ಜಾಸ್ತಿ ಹಾಕೋ ಕಳ್ಳ ನಾನೊಬ್ಬನೇ."

ಮಕ್ಕಳು ನಕ್ಕರು. ಯಾಳಿನಿ ನಗಲಿಲ್ಲ. ಇಪ್ಪತ್ತೊಂದರ ಹುಡುಗಿ, ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು.

"ಪೆಟ್ಟಿಗೆ ಎಷ್ಟು ಗಂಟೆಗೆ ಮುಚ್ಚಿದೆ?"

"ಸಂಜೆ ಆರು ಐದಕ್ಕೆ ಮೇಡಂ."

"ಸಹಿ?"

"ನಾನೇ ಹಾಕಿದೆ."

"ಬೆಳಿಗ್ಗೆ ವ್ಯಾನಿಗೆ ಯಾವಾಗ ಹೋಯ್ತು?"

"ಐದೂವರೆಗೆ."

"ಮಧ್ಯೆ ಯಾರಾದರೂ ತೆಗೆದ್ರಾ?"

"ಇಲ್ಲ."

ಆ 'ಇಲ್ಲ' ತೀರಾ ಬೇಗ ಬಂತು. ವೆಣ್ಣಿಲಾ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡು, ಅಲ್ಲಿಗೇ ಬಿಟ್ಟಳು. ಹುಡುಗಿ ಸುಳ್ಳು ಹೇಳುತ್ತಿದ್ದಾಳೆ, ಸರಿ. ಆದರೆ ಸುಳ್ಳು ಹೇಳುವವರೆಲ್ಲ ಕಳ್ಳರಾದರೆ ಠಾಣೆಯಲ್ಲಿ ಜಾಗ ಸಾಲದು.

ಮಂಗಳವಾರ, ಮಾರ್ಚ್ 12. ಬೆಳಿಗ್ಗೆ ಒಂಬತ್ತಕ್ಕೆ ವ್ಯಾನ್ ಚಾಲಕ ಇಮ್ತಿಯಾಜ್‌ನ ವಿಚಾರಣೆ.

"ದಾರಿಯಲ್ಲಿ ಎಲ್ಲಿ ನಿಲ್ಲಿಸಿದೆ?"

"ಒಂದೇ ಕಡೆ ಸಾರ್... ಮೇಡಂ. ಟೀ, ಐದು ನಿಮಿಷ. ಗಾಡಿಯೊಳಗೆ ಇಬ್ಬರು ಹುಡುಗರೂ ಇದ್ರು, ಪೆಟ್ಟಿಗೆ ಮೇಲೇ ತಲೆ ಇಟ್ಟು ಮಲಗಿದ್ರು. ಒಬ್ಬನ ಗೊರಕೆ ಚೆನ್ನೈ ತನಕ."

"ನೀನು ಬಾಟಲಿ ಮುಟ್ಟಿದ್ಯಾ?"

"ಅದರಲ್ಲಿ ಆಮ್ಲ ಇರುತ್ತೆ ಅಂತ ಹೇಳಿ ಹೆದರಿಸಿಟ್ಟಿದಾರೆ. ನಾನ್ಯಾಕೆ ಮುಟ್ಟಲಿ? ಮನೆಯಲ್ಲಿ ಮೂರು ಮಕ್ಕಳಿದಾವೆ."

ಆಮ್ಲ ಎಂಬ ಮಾತು ಕೇಳಿ ವೆಣ್ಣಿಲಾ ಮರಗದಂಗೆ ಫೋನ್ ಮಾಡಿದಳು. ಯಾವ ಬಾಟಲಿಗೆ, ಎಷ್ಟು, ಯಾಕೆ? ಮರಗದಂ ವಿವರಿಸಿದರು. ಪ್ರತಿ ಬಾವಿಯ ಎರಡು ಬಾಟಲಿಯಲ್ಲಿ ಒಂದಕ್ಕೆ ಸ್ವಲ್ಪ ಆಮ್ಲ ಹಾಕಬೇಕು. ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಂಡು ಲೆಕ್ಕ ತಪ್ಪುತ್ತದೆ. ಇನ್ನೊಂದಕ್ಕೆ ಹಾಕಲೇಬಾರದು.

"ಬದಲಾಯಿಸಿದ ನೀರಿಗೆ ಆಮ್ಲ ಹಾಕಿದ್ರಾ?"

ಆ ಕಡೆ ಸ್ವಲ್ಪ ಹೊತ್ತು ಕಾಗದದ ಸದ್ದು. "ಹಾಕಿದಾರೆ. ಒಂಬತ್ತು ಬಾಟಲಿಗೂ. ಸರಿಯಾದದ್ದಕ್ಕೇ, ಸರಿಯಾದಷ್ಟೇ." ಮರಗದಂ ದನಿ ಇಳಿಯಿತು. "ಅಯ್ಯೋ ದೇವರೇ. ನಮ್ಮವರೇ."

ವೆಣ್ಣಿಲಾ ಬಿಳಿ ಹಾಳೆ ತೆಗೆದುಕೊಂಡು ಏಳುಮಲೈಗೆ ಬರೆದು ತೋರಿಸಿದಳು. ಕಾರ್ಖಾನೆಯ ಕಡೆಯವರು ಯಾರೋ ಕತ್ತಲಲ್ಲಿ ನುಗ್ಗಿ ಮಾಡಿದ್ದಲ್ಲ, ಅವರಿಗೆ ಆಮ್ಲದ ವಿಷಯ ತಿಳಿಯದು. ಕೆಲಸ ಬಲ್ಲವನು ಮಾಡಿದ್ದು. ಆದರೆ ಆ ಬಲ್ಲವನಿಗೂ ಒಂಬತ್ತನೇ ಬಾವಿ ಇಲ್ಲ ಎಂಬುದು ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಎರಡು ಬಾಟಲಿಗಳನ್ನು ಮುಟ್ಟುತ್ತಿರಲಿಲ್ಲ.

"ಯಾಳಿನಿ ಯಾವ ತಂಡ?" ಎಂದ ಏಳುಮಲೈ.

"ಪಶ್ಚಿಮ. ಮರಗದಂ ಅದನ್ನ ತುಂಬಿಸಿದ್ದು ಅವಳ ಎದುರಿಗೇ."

"ಅಂದ್ರೆ ಹುಡುಗಿ ಅಲ್ಲ!"

"ನಿನಗೂ ನನಗೂ ಅಲ್ಲ. ಆ ಸಫಾರಿ ಸೂಟಿಗೆ ಇದು ಸಾಲದು. 'ಬೇಕಂತಲೇ ಹಾಗೆ ಮಾಡಿದಾಳೆ' ಅಂತಾರೆ. ಮುದ್ರೆಪಟ್ಟಿ ಹರಿಯದೆ ಪೆಟ್ಟಿಗೆ ತೆರೆದದ್ದು ಹೇಗೆ ಅಂತ ಹೇಳು, ನಿನಗೆ ಬಿರಿಯಾನಿ ಕೊಡಿಸ್ತೀನಿ."

ಸಂಜೆ ನಾಲ್ಕಕ್ಕೆ ಯಾಳಿನಿಯ ಅಪ್ಪ ಜಯಸೀಲನ್ ತಾನಾಗಿಯೇ ಠಾಣೆಗೆ ಬಂದ. ಉಗುರಿನ ಸಂದಿಯಲ್ಲಿ ಬಣ್ಣ ಕೂತ ಕೈಗಳನ್ನು ಮೇಜಿನ ಮೇಲಿಟ್ಟ.

"ಮೂವತ್ತು ವರ್ಷ ತೊಗಲು ಹದ ಮಾಡಿದೀನಿ. ಆ ವಾಸನೆಗೆ ಬಸ್ಸಲ್ಲಿ ಪಕ್ಕದಲ್ಲಿ ಯಾರೂ ಕೂರಲ್ಲ. ನನ್ನ ಮಗಳು ಇದನ್ನೆಲ್ಲ ಶುದ್ಧ ಮಾಡೋ ಕೆಲಸ ಕಲೀತೀನಿ ಅಂದಾಗ ನಾನು ಒಳಗೇ ಕುಣಿದೆ ಅಮ್ಮಾ. ಈಗ ನನ್ನ ಕೆಲಸಾನೇ ಅವಳ ಕುತ್ತಿಗೆಗೆ ಬಂತಾ? ನನ್ನ ಹಾಕಿ ಒಳಗೆ. ಅವಳನ್ನ ಬಿಡಿ."

"ನಿಮ್ಮನ್ನ ಹಾಕಿ ನಾನೇನು ಮಾಡಲಿ? ಮಗಳಿಗೆ ಒಂದು ಮಾತು ಹೇಳಿ. ಅವಳು ಯಾರನ್ನೋ ಕಾಪಾಡ್ತಿದಾಳೆ. ಅವಳು ಕಳ್ಳಿಯಲ್ಲ ಅಂತ ನನಗೆ ಗೊತ್ತು, ಅದನ್ನ ತೋರಿಸೋಕೆ ಅವಳ ಬಾಯೇ ಬೇಕು."

ಆರು ಗಂಟೆಗೆ ಹುಡುಗಿ ಅಪ್ಪನ ಜೊತೆ ಬಂದಳು. ಅತ್ತು ಕಣ್ಣು ಊದಿತ್ತು. ಹೇಳಲು ಶುರು ಮಾಡಿದ ಮೇಲೆ ನಿಲ್ಲಲಿಲ್ಲ.

ಐಸ್ ಕರಗುತ್ತದೆ. ಬೆಳಿಗ್ಗೆ ಹೊರಡುವ ಮುಂಚೆ ಹೊಸದು ತುಂಬಬೇಕು. ಅದಕ್ಕೆ ಪಟ್ಟಿ ಹರಿಯಬೇಕು, ಹೊಸ ಪಟ್ಟಿಗೆ ಜವಾಬ್ದಾರಿ ಹೊತ್ತವರು ಎದುರಿಗೆ ನಿಂತು ಸಹಿ ಹಾಕಬೇಕು. ಪುಸ್ತಕದಲ್ಲಿ ಹಾಗಿದೆ. ಆದರೆ ಇಡೀ ದಿನ ಬಿಸಿಲಲ್ಲಿ ಬಾವಿಯಿಂದ ಬಾವಿಗೆ ನಡೆದ ಮಕ್ಕಳು ಬೆಳಗಿನ ಐದಕ್ಕೆ ಏಳಬೇಕಲ್ಲ! ಹಾಗಾಗಿ ಯಾವ ಕಾಲದಿಂದಲೋ ಒಂದು ಪದ್ಧತಿ ನಡೆದುಬಂದಿತ್ತು. ಹಿಂದಿನ ವರ್ಷದವರು ಮುಂದಿನ ವರ್ಷದವರಿಗೆ ಗುಟ್ಟಾಗಿ ಹೇಳಿಕೊಡುವ ಪದ್ಧತಿ. ಒಂದು ಖಾಲಿ ಪಟ್ಟಿಗೆ ಸಂಜೆಯೇ ಸಹಿ ಹಾಕಿ ಕೊಟ್ಟು ಮಲಗುವುದು.

"ಯಾರಿಗೆ ಕೊಟ್ಟೆ?"

"ಪಚ್ಚೈ ಅಣ್ಣನಿಗೆ." ಅವಳು ಮತ್ತೆ ಅಳತೊಡಗಿದಳು. "ಆದರೆ ಅಣ್ಣ ಹಾಗೆ ಮಾಡೋರಲ್ಲ ಮೇಡಂ. ಬಾಟಲಿ ಹಿಡಿಯೋಕೆ ನಮಗೆ ಕಲಿಸಿದ್ದೇ ಅವರು. ಪುಸ್ತಕದಲ್ಲಿ ಏನಿದೆ? ಅಣ್ಣನ ಕೈಯಲ್ಲಿದೆ ಎಲ್ಲ. ಪಟ್ಟಿಯ ವಿಷಯ ಹೇಳಿದರೆ ನನ್ನ ತರಬೇತಿ ಹೋಗುತ್ತೆ, ಅವರ ಕೆಲಸವೂ ಹೋಗುತ್ತೆ. ಅದಕ್ಕೆ ಸುಮ್ಮನಿದ್ದೆ."

"ಅವರು ಸುಮ್ಮನೆ ಯಾಕಿದಾರೆ ಅಂತ ಯೋಚನೆ ಮಾಡಿದ್ಯಾ?"

ಯಾಳಿನಿ ಯೋಚನೆ ಮಾಡಿದ್ದಳು ಎಂದು ಮುಖವೇ ಹೇಳುತ್ತಿತ್ತು.

ಹೇಳಿಕೆ ಬರೆದ ಮೇಲೆ ಏಳುಮಲೈ ಹೊರಡಲು ಟೋಪಿ ಎತ್ತಿಕೊಂಡ. ವೆಣ್ಣಿಲಾ ತಡೆದಳು. ಪಚ್ಚೈಯಪ್ಪನ್ ಪೂರ್ವದ ತಂಡದಲ್ಲಿದ್ದವನು, ಒಂಬತ್ತನೇ ಬಾವಿ ಇಲ್ಲ ಎಂದು ಅವನಿಗೆ ತಿಳಿಯದು. ಆಮ್ಲ ಬಲ್ಲ. ಪೆಟ್ಟಿಗೆ ತೆರೆದ. ಮೂರೂ ಸರಿಯೇ. ಆದರೆ 'ಐಸ್ ತುಂಬಿದೆ, ಮುಚ್ಚಿದೆ' ಎಂದರೆ ಮುಗಿಯಿತು, ಹುಡುಗಿಯ ಮಾತಿಗೆ ಅವನ ಮಾತು ಎದುರು. ಆ ನೀರು ಎಲ್ಲಿಂದ ಬಂತು ಎಂಬುದು ಮೊದಲು ಸಿಗಬೇಕು.

"ನೀರಿಗೆ ವಿಳಾಸ ಇರುತ್ತಾ ಮೇಡಂ?"

"ಇರುತ್ತಂತೆ. ನಾಳೆ ಹುಡುಕೋಣ."

ಬುಧವಾರ, ಮಾರ್ಚ್ 13, ಬೆಳಿಗ್ಗೆ ಏಳಕ್ಕೆ ಆವಾರಂಪಟ್ಟಿಯ ಸುತ್ತ ಒಂದು ವಿಚಿತ್ರ ಮೆರವಣಿಗೆ ಹೊರಟಿತು. ಮುಂದೆ ಮರಗದಂ ಮತ್ತು ವೆಣ್ಣಿಲಾ, ಹಿಂದೆ ಹಗ್ಗ, ಬಕೆಟ್ಟು, ಮೀಟರು ಹೊತ್ತ ಐವರು ವಿದ್ಯಾರ್ಥಿಗಳು, ಕೊನೆಯಲ್ಲಿ ಏದುಸಿರು ಬಿಡುತ್ತ ಏಳುಮಲೈ. ಪಚ್ಚೈಯಪ್ಪನ್‌ನನ್ನು ಅಂದು ಕಾಲೇಜಿನ ಕೆಲಸ ಎಂದು ಹೇಳಿ ಪಟ್ಟಣಕ್ಕೆ ಕಳಿಸಿದ್ದರು. ಯಾಳಿನಿಯನ್ನು ಮುಟ್ಟಗೊಟ್ಟಿರಲಿಲ್ಲ, ಅವಳು ದೂರದಲ್ಲಿ ನಿಂತು ನೋಡುತ್ತಿದ್ದಳು.

ಮೀಟರಿನ ಕಡ್ಡಿ ನೀರಿಗೆ ಅದ್ದಿದರೆ ಕರಗಿರುವ ಉಪ್ಪಿನ ಅಂಶ ಗೊತ್ತಾಗುತ್ತದೆ. ಪರೀಕ್ಷಾ ಕಾಗದದ ಪುಟ್ಟ ಪಟ್ಟಿ ಅದ್ದಿ ಅದರ ಬಣ್ಣ ನೋಡಿದರೆ ಫ್ಲೋರೈಡ್ ಅಂದಾಜಾಗುತ್ತದೆ. ಬದಲಾಯಿಸಿದ ನೀರಿನಲ್ಲಿ ಉಪ್ಪು ಕಡಿಮೆ, ಫ್ಲೋರೈಡ್ ಜಾಸ್ತಿ. ಹೊಳೆಯ ಮರಳಿನ ಬಾವಿಗಳಲ್ಲಿ ಹಾಗೆ ಸಿಗುವುದಿಲ್ಲ, ಗಟ್ಟಿ ಬಂಡೆಯೊಳಗಿನ ನೀರಿಗೆ ಅದು ಲಕ್ಷಣ ಎಂದರು ಮರಗದಂ. ಹನ್ನೊಂದು ಬಾವಿ ನೋಡಿದರು. ಹುಡುಗರು ಸಂಖ್ಯೆ ಕೂಗುತ್ತಿದ್ದರು, ಹುಡುಗಿಯರು ಬರೆಯುತ್ತಿದ್ದರು. ಒಂದೂ ಹೊಂದಲಿಲ್ಲ. ಹತ್ತೂವರೆ ಹೊತ್ತಿಗೆ ಏಳುಮಲೈ ಬೇವಿನ ಬುಡದಲ್ಲಿ ಕೂತು ಬೂಟು ಬಿಚ್ಚಿದ.

"ಮೂವತ್ತೈದು ವರ್ಷದಲ್ಲಿ ಕಳ್ಳನ ಹಿಂದೆ ಓಡಿದೀನಿ, ಬಾವಿಗಳ ಹಿಂದೆ ಓಡಿದ್ದು ಇದೇ ಮೊದಲು."

"ಎದ್ದೇಳಿ ತಾತ, ಇನ್ನೊಂದೇ ಒಂದು," ಎಂದಳು ಒಬ್ಬಳು.

"ತಾತ ಅಂದವರ ಮೇಲೆ ಕೇಸ್ ಹಾಕ್ತೀನಿ."

ಆ ಇನ್ನೊಂದು, ಊರಿಗೆ ಒಂದೂವರೆ ಕಿಲೋಮೀಟರ್ ದೂರದ ಗುಡ್ಡದ ಬುಡದಲ್ಲಿತ್ತು. ಪಾರೈ ಬಾವಿ ಎನ್ನುತ್ತಿದ್ದರು, ಬಂಡೆ ಒಡೆದು ತೋಡಿದ್ದು. ಹುಡುಗ ಮೀಟರ್ ಅದ್ದಿ ಓದಿದ. ಬರೆಯುತ್ತಿದ್ದ ಹುಡುಗಿ ತಲೆ ಎತ್ತಿದಳು. ಮತ್ತೊಮ್ಮೆ ಓದು ಎಂದಳು. ಪಟ್ಟಿಯ ಬಣ್ಣವೂ ಕೂಡಿತು. ಮಕ್ಕಳು 'ಹೋ' ಎಂದು ಕೂಗಿಯೇಬಿಟ್ಟರು. ಮರಗದಂ ಗದರಿಸಿ, ಎರಡು ಬಾಟಲಿ ತುಂಬಿಸಿ, ಪಂಚರ ಎದುರಿಗೆ ಮುದ್ರೆ ಮಾಡಿಸಿದರು. ಅದು ಅಂದೇ ಪ್ರಯೋಗಾಲಯಕ್ಕೆ ಹೋಯಿತು.

ಬಾವಿಕಟ್ಟೆಯಲ್ಲಿ ಗುಡ್ಡದ ಹಟ್ಟಿಯ ಹೆಂಗಸೊಬ್ಬಳು ನೀರು ಸೇದುತ್ತಿದ್ದಳು. ವೆಣ್ಣಿಲಾ ಹತ್ತಿರ ಹೋದಳು.

"ಆವಾರಂಪಟ್ಟಿಯಿಂದ ಯಾರಾದರೂ ಇಲ್ಲಿಗೆ ನೀರಿಗೆ ಬರ್ತಾರಾ ಅಕ್ಕಾ?"

"ಅವರಿಗೇನು ಗ್ರಹಚಾರ? ಊರ ನಡುವೆ ಸಿಹಿನೀರ ಬಾವಿ ಇದೆ. ಬರೋದು ಒಂದೇ ಮನೆ. ಕಾಲೇಜಲ್ಲಿ ಕೆಲಸ ಮಾಡ್ತಾನಲ್ಲ, ಪಚ್ಚೈಯಪ್ಪನ್, ಅವನ ಹೆಂಡತಿ. ಇಪ್ಪತ್ತು ವರ್ಷದಿಂದ ದಿನಾ ಎರಡು ಸಲ. ಕಾಲು ನೋವು ಅಂತ ಈಗೀಗ ಸೈಕಲ್ಲಲ್ಲಿ ಅವನೇ ಕ್ಯಾನ್ ತರ್ತಾನೆ."

ವೆಣ್ಣಿಲಾ ಆ ಹೆಂಡತಿಯ ಮನೆಗೆ ಒಬ್ಬಳೇ ಹೋದಳು. ಅಂಜಲೈ, ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಅಕ್ಕಿ ಆರಿಸುತ್ತಿದ್ದಳು.

"ಅಷ್ಟು ದೂರದ ನೀರು ಯಾಕಮ್ಮಾ?"

"ಅವರನ್ನೇ ಕೇಳಿ. ಆ ನೀರಲ್ಲಿ ಬೇಳೆ ಚೆನ್ನಾಗಿ ಬೇಯುತ್ತೆ ಅಂತಾರೆ. ಎಲ್ಲಿ ಬೇಯುತ್ತೆ, ಹಾಳಾದ್ದು! ಒಂದು ದಿನವೂ ಬೆಂದಿಲ್ಲ. ಮದುವೆಯಾದ ಗಂಡ ಒಂದೇ ಒಂದು ವಿಷಯದಲ್ಲಿ ಹಟ ಮಾಡಿದ್ದು ಅದು. ಸರಿ ಅಂತ ಹೊತ್ತೆ."

ಊರ ನಡುವಿನ ಆ ಸಿಹಿನೀರ ಬಾವಿ ಶಾಲೆಯ ಬಯಲಿಗೆ ಅಂಟಿಕೊಂಡಿತ್ತು. ಪರೀಕ್ಷೆಯ ಪಟ್ಟಿಯಲ್ಲಿ ಅದು ನಾಲ್ಕನೆಯದು. ಇಡೀ ಊರು ಕುಡಿಯುವ ಬಾವಿಯನ್ನು ಬಿಟ್ಟು ಒಬ್ಬ ಮನುಷ್ಯ ಇಪ್ಪತ್ತು ವರ್ಷ ಹೆಂಡತಿಯನ್ನು ಗುಡ್ಡಕ್ಕೆ ಕಳಿಸಿದ್ದಾನೆ ಎಂದರೆ ಅವನಿಗೆ ಏನೋ ಗೊತ್ತಿದೆ. ವೆಣ್ಣಿಲಾಗೆ ಕೋಪ ಬಂತು, ನಿಜವಾದ ಕೋಪ. ಆ ಬಾವಿಯಲ್ಲಿ ಇನ್ನೂ ಹೆಂಗಸರು ನೀರು ಸೇದುತ್ತಿದ್ದರು. ಜಿಲ್ಲಾಧಿಕಾರಿಯ ಕಚೇರಿಗೆ ಫೋನ್ ಮಾಡಿ, ಮಧ್ಯಾಹ್ನದೊಳಗೆ ಬಾವಿಗೆ ತಡೆ ಹಾಕಿಸಿ, ಊರಿಗೆ ಟ್ಯಾಂಕರ್ ನೀರು ಕಳಿಸುವಂತೆ ಮಾಡಿದ ಮೇಲೇ ಅವಳು ಊಟಕ್ಕೆ ಕೂತಳು.

ಗುರುವಾರ, ಮಾರ್ಚ್ 14. ಪ್ರಯೋಗಾಲಯ ಮಧ್ಯಾಹ್ನ ಮೂರಕ್ಕೆ ಉತ್ತರ ಕಳಿಸಿತು: ಪಾರೈ ಬಾವಿಯ ನೀರು, ಬದಲಾಯಿಸಿದ ನೀರು, ಎರಡೂ ಒಂದೇ. ಶೋಧನಾ ವಾರೆಂಟ್ ಪಡೆದು, ಇಬ್ಬರು ಪಂಚರನ್ನೂ ಮರಗದಂ ಅವರನ್ನೂ ಕರೆದುಕೊಂಡು, ಸಂಜೆ ಐದು ಐವತ್ತಕ್ಕೆ ವೆಣ್ಣಿಲಾ ಪಚ್ಚೈಯಪ್ಪನ್ ಮನೆಗೆ ಹೋದಳು. ಅವನು ಬಾಗಿಲಲ್ಲಿ ಕೂತು ಸೈಕಲ್ಲಿನ ಟ್ಯೂಬಿಗೆ ತೇಪೆ ಹಾಕುತ್ತಿದ್ದ.

"ಬನ್ನಿ ಅಮ್ಮಾ. ಟೀ ಕುಡೀತೀರಾ?"

"ಯಾವ ಬಾವಿ ನೀರಿನ ಟೀ?"

ಅವನ ಕೈ ನಿಂತಿತು.

"ಐದನೇ ತಾರೀಖು ಬೆಳಿಗ್ಗೆ ಪೆಟ್ಟಿಗೆ ತೆರೆದವರು ಯಾರು?"

"ನಾನೇ. ಐಸ್ ಹಾಕೋಕೆ."

"ಬೇರೆ ಏನು ಹಾಕಿದಿರಿ?"

ಪಚ್ಚೈಯಪ್ಪನ್ ತೇಪೆಯನ್ನು ಬೆರಳಿಂದ ಒತ್ತುತ್ತಲೇ ಇದ್ದ. ಏಳುಮಲೈ ವಾರೆಂಟ್ ತೆಗೆದ. ವೆಣ್ಣಿಲಾ ಕಣ್ಣಲ್ಲೇ ತಡೆದು, ಜಗಲಿಯ ಮೇಲೆ ಅವನ ಪಕ್ಕದಲ್ಲಿ ಕೂತಳು.

"ನಾಳೆ ಹನ್ನೊಂದಕ್ಕೆ ಯಾಳಿನಿಯನ್ನ ಕಾಲೇಜಿಂದ ತೆಗೆದುಹಾಕ್ತಾರೆ. ಗೊತ್ತಾ?"

"ಅವಳನ್ನಾ?" ಅವನು ತಲೆ ಎತ್ತಿದ. "ಯಾಕೆ? ವಿಚಾರಣೆ ಅಂತ ಮಾತ್ರ ಹೇಳಿದ್ರು. ಪ್ರಯೋಗಾಲಯದ ತಪ್ಪು ಅಂತ ಆಗಿಹೋಗುತ್ತೆ ಅಂದ್ಕೊಂಡಿದ್ದೆ ನಾನು."

"ಪಟ್ಟಿಯಲ್ಲಿ ಅವಳ ಸಹಿ ಇದೆ. ನಿಮ್ಮ ಹೆಸರು ಹೇಳಬಾರದು ಅಂತ ಎರಡು ದಿನ ಬಾಯಿ ಕಟ್ಟಿಕೊಂಡಿದ್ಲು. ನೀವು ರಸಂ ಕುದಿಸ್ತಾ ಇದ್ರಿ."

ಆ ಮಾತು ಅವನಿಗೆ ತಾಗಿತು. ಎರಡೂ ಕೈಯಿಂದ ಮುಖ ಉಜ್ಜಿಕೊಂಡು, ಎದ್ದು, ಒಳಗೆ ಹೋದ. ಏಳುಮಲೈ ಹಿಂದೆಯೇ ಓಡಿದ. ಅಕ್ಕಿಯ ಡ್ರಮ್ಮಿನ ಹಿಂದಿನಿಂದ ಪಚ್ಚೈಯಪ್ಪನ್ ಒಂದು ಮರದ ಪೆಟ್ಟಿಗೆ ಎಳೆದು ತಂದು ಮರಗದಂ ಅವರ ಕಾಲ ಬಳಿ ಇಟ್ಟ. ಒದ್ದೆ ಗೋಣಿ ಸರಿಸಿದರೆ ಒಳಗೆ ಹದಿನೆಂಟು ಬಾಟಲಿ, ಎರಡು ಸಾಲಾಗಿ. ಒಂದೊಂದರ ಮೇಲೂ ಮುತ್ತಿನಂಥ ಅಕ್ಷರದಲ್ಲಿ ಬಾವಿಯ ಸಂಖ್ಯೆ, ದಿನ, ಗಂಟೆ, ತೆಗೆದವರ ಹೆಸರು. ಆಮ್ಲ ಹಾಕಿದ್ದಕ್ಕೆ ಕೆಂಪು ಗುರುತು.

ಮರಗದಂ ನೆಲದ ಮೇಲೇ ಕೂತುಬಿಟ್ಟರು. ಒಂಬತ್ತನೆಯದರ ಕೆಂಪು ಗುರುತಿಲ್ಲದ ಬಾಟಲಿ ತೆಗೆದು ಮೀಟರಿನ ಕಡ್ಡಿ ಅದ್ದಿದರು. ಮುಳ್ಳು ಸೊನ್ನೆಯ ಬಳಿಯೇ ನಿಂತಿತು. ಭಟ್ಟಿ ಇಳಿಸಿದ ನೀರು. ಕಳುವಾದ ನೀರೇ ಇದು ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

"ಇದನ್ನ ಯಾಕಪ್ಪಾ ಇಟ್ಕೊಂಡೆ?" ಎಂದ ಏಳುಮಲೈ. ನಿಜಕ್ಕೂ ಬೆರಗಾಗಿ ಕೇಳಿದ. "ಚರಂಡಿಗೆ ಸುರಿದಿದ್ರೆ ನಿನ್ನನ್ನ ಯಾರು ಹಿಡಿಯೋರು?"

"ಮಾದರಿ ಚೆಲ್ಲೋದಾ?" ಪಚ್ಚೈಯಪ್ಪನ್ ಅವನನ್ನೇ ತಪ್ಪಿತಸ್ಥನಂತೆ ನೋಡಿದ. "ಮಕ್ಕಳು ಬಿಸಿಲಲ್ಲಿ ನಿಂತು ತೆಗೆದ ನೀರು ಸಾರ್. ಒಂದು ತೊಟ್ಟು ಚೆಲ್ಲಿದರೆ ಬೈತಿದ್ದವನು ನಾನು. ಕೈ ಬರಲಿಲ್ಲ."

ಸಂಜೆ ಆರು ನಲವತ್ತಕ್ಕೆ ದಸ್ತಗಿರಿ. ಪಂಚನಾಮೆಗೆ ಪಂಚರು ಸಹಿ ಹಾಕಿದರು. ಅಂಜಲೈ ಬಾಗಿಲು ಹಿಡಿದು ನಿಂತು, "ಏನು ರೀ ಇದು, ಬರೀ ನೀರಿಗೆ ಪೊಲೀಸರಾ?" ಎಂದಳು. ಅವನು ಅವಳ ಕಾಲಿನ ಕಡೆ ನೋಡಿದ, ಮುಖದ ಕಡೆ ನೋಡಲಿಲ್ಲ.

ಮಾರ್ಚ್ 15, ಶುಕ್ರವಾರ. ಹತ್ತೂವರೆಗೇ ವೆಣ್ಣಿಲಾ ಕಾಲೇಜಿನಲ್ಲಿದ್ದಳು. ಯಾಳಿನಿ ಆರೋಪಿಯಲ್ಲ, ಸಾಕ್ಷಿ ಎಂದು ಬರೆದ ಪತ್ರವನ್ನು ಪ್ರಾಂಶುಪಾಲರ ಮುಂದಿಟ್ಟಳು. ಅವರು ಎರಡು ಸಲ ಓದಿ, ಚರ್ಮದ ಚೀಲದ ಜಿಪ್ಪು ಎಳೆದು, ಸಮಿತಿ ಸೇರುವ ಅಗತ್ಯವೇ ಇಲ್ಲ ಎಂದರು. ಅಗತ್ಯ ಇದೆ ಎಂದವಳು ಯಾಳಿನಿಯೇ. ಒಳಗೆ ಹೋಗಿ, ಖಾಲಿ ಪಟ್ಟಿಗೆ ಮೊದಲೇ ಸಹಿ ಹಾಕಿದ ವಿಷಯವನ್ನು ಎಲ್ಲರೆದುರು ಹೇಳಿದಳು. ಸಮಿತಿ ಅವಳ ಈ ಶಿಬಿರವನ್ನು ರದ್ದು ಮಾಡಿ, ಮೇ ತಿಂಗಳಲ್ಲಿ ಮೂರೂ ವಾರ ಮತ್ತೆ ಮಾಡಬೇಕೆಂದಿತು. ಮೇ ಬಿಸಿಲಲ್ಲಿ ಬಾವಿ ಕೆಲಸ ಎಂದರೆ ಸಾಮಾನ್ಯವಲ್ಲ. ಅವಳು ಹೊರಗೆ ಬಂದು, "ಜೂನ್ ಮೂರಕ್ಕೆ ಮುಂಚೆ ಮುಗಿಯುತ್ತೆ ಮೇಡಂ," ಎಂದು ನಕ್ಕಳು. ಮೇಸ್ತ್ರಿ ಜಯಸೀಲನ್ ಗೇಟಿನ ಬಳಿ ನಿಂತು ಅಳುತ್ತಿದ್ದ, ಕಣ್ಣಿಗೆ ಧೂಳು ಬಿತ್ತು ಎಂದ.

ಎಂಟು ಬಾವಿಗಳಿಂದಲೂ ಪಂಚರ ಎದುರಿಗೆ ಮತ್ತೆ ನೀರು ತೆಗೆದರು. ನಾಲ್ಕನೆಯದರಲ್ಲಿ ಕ್ರೋಮಿಯಂ ಇರಬಹುದಾದ ಮಿತಿಯ ಇಪ್ಪತ್ತಾರು ಪಟ್ಟು ಇತ್ತು. ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕಾಗಲಿಲ್ಲ. ಪಚ್ಚೈಯಪ್ಪನ್‌ನನ್ನು ಶಾಲೆಯ ಬಯಲಿಗೆ ಕರೆದೊಯ್ದಾಗ ಅವನೇ ಹೆಜ್ಜೆ ಎಣಿಸಿ ನಿಂತು, ಇಲ್ಲಿ ಎಂದ. ಹುಡುಗರು ಬೈರಿಗೆ ಇಳಿಸಿದರು. ಎಂಟನೇ ಅಡಿಗೆ ನೀಲಿಹಸಿರು ಕೆಸರು ಬಂತು.

ಬಯಲಿಂದ ಮರಳಿದ ದಿನ ಮಧ್ಯಾಹ್ನ ಠಾಣೆಯಲ್ಲಿ ವೆಣ್ಣಿಲಾ, ಪೊಲೀಸರ ಮುಂದೆ ಹೇಳಿದ್ದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ, ಹೇಳಲೇಬೇಕೆಂದಿಲ್ಲ ಎಂದು ತಿಳಿಸಿದಳು. ಗೊತ್ತು ಎಂದು ಅವನು ಹೇಳತೊಡಗಿದ.

1997. ಈಗ ಮುಚ್ಚಿಹೋಗಿರುವ ಆ ಕಾರ್ಖಾನೆಯಲ್ಲಿ ಅವನು ಕೂಲಿ. ಕೆಸರು ತುಂಬಿದ ಹನ್ನೆರಡು ಲಾರಿಗೆ ಜಾಗ ಬೇಕಿತ್ತು. ನಮ್ಮೂರ ಬಯಲಲ್ಲಿ ಒಂದು ಹಳ್ಳ ಇದೆ, ಮುಚ್ಚಿದರೆ ಮಕ್ಕಳಿಗೆ ಆಟಕ್ಕೆ ಸಮತಟ್ಟಾಗುತ್ತೆ ಎಂದು ತೋರಿಸಿದವನು ಅವನೇ. ಒಳ್ಳೆಯದೆಂದೇ ತೋರಿಸಿದ್ದ. ಎರಡು ವರ್ಷದ ಮೇಲೆ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಮೊದಲನೇ ಶಿಬಿರದಲ್ಲಿ ಹಗ್ಗ ಹಿಡಿದು ನಿಂತು ಪಾಠ ಕೇಳಿಸಿಕೊಂಡಾಗ ಆ ಕೆಸರು ಏನು ಎಂದು ತಿಳಿಯಿತು.

"ಊರಿಗೆ ಹೇಳಲಿಲ್ಲ ಯಾಕೆ?"

"ಮೊದಲ ದಿನವೇ ಹೇಳಬೇಕಿತ್ತು. ಆ ದಿನ ಧೈರ್ಯ ಆಗಲಿಲ್ಲ. ಹೆಂಡತಿಯನ್ನ ಮಾತ್ರ ಪಾರೈ ಬಾವಿಗೆ ಕಳಿಸಿದೆ. ಆಮೇಲೆ ಹೇಳಿದರೆ, 'ನಿನ್ನ ಮನೆ ಮಾತ್ರ ಉಳಿಸಿಕೊಂಡ್ಯಾ' ಅಂತ ಕೇಳ್ತಾರಲ್ಲ. ಒಂದು ವರ್ಷ ಕಳೆದ ಹಾಗೆ ಒಂದು ವರ್ಷದಷ್ಟು ಕಷ್ಟ ಆಯ್ತು ಅಮ್ಮಾ. ಈ ಸಲ ನಮ್ಮೂರಿಗೇ ಶಿಬಿರ ಅಂದಾಗ, ವರದಿ ಬಂದರೆ ಮೊದಲು ಎಲ್ಲರ ಕಣ್ಣು ಅಂಜಲೈಯ ಕೊಡದ ಮೇಲೆ ಬೀಳುತ್ತೆ ಅನ್ನಿಸಿತು. ಕೆಸರು ಯಾವ ಯಾವ ಬಾವಿಗೆ ಇಳಿದಿದೆಯೋ ಗೊತ್ತಿರಲಿಲ್ಲ, ಅದಕ್ಕೇ ಎಲ್ಲವನ್ನೂ ಬದಲಾಯಿಸಿದೆ."

"ಆ ಬಾವಿ ನೀರು ಕುಡಿದ ಮನೆ ಎಷ್ಟು?"

ಅವನು ಶಾಲೆಯ ಬೀದಿಯಿಂದ ಶುರು ಮಾಡಿ, ಒಂದೊಂದು ಮನೆಯ ಹೆಸರು ಹೇಳಿದ. ಯಾರ ಮನೆಯಲ್ಲಿ ಎಷ್ಟು ಜನ, ಯಾರ ಹೊಟ್ಟೆ ಕೆಟ್ಟಿತು, ಯಾರ ಮೈಮೇಲೆ ಹುಣ್ಣಾಯಿತು, ಯಾರು ತನ್ನನ್ನು ಅಣ್ಣ ಎನ್ನುತ್ತಾರೆ, ಯಾರು ಮಾಮ ಎನ್ನುತ್ತಾರೆ. ಯಾವುದನ್ನೂ ನೆನಪಿಸಿಕೊಳ್ಳಬೇಕಾಗಲಿಲ್ಲ. ಏಳುಮಲೈ ನಾಲ್ಕು ಪುಟ ಬರೆದ.

"ಮೂವತ್ತೊಂದು ಮನೆ ಆಯ್ತು," ಎಂದ ಕೊನೆಗೆ. "ಇಷ್ಟೇನಾ?"

"ಇನ್ನೊಂದಿದೆ ಸಾರ್. ನಮ್ಮ ಅವ್ವ ಬೇರೆ ಇದ್ದಳು, ಬಯಲ ಅಂಚಿನ ಗುಡ್ಲಲ್ಲಿ. ಗುಡ್ಡದ ನೀರು ರುಚಿ ಇಲ್ಲ, ನಮ್ಮೂರ ಬಾವಿ ನೀರೇ ಬೇಕು ಅಂತ ಹಟ. ಕಾರಣ ಹೇಳಿದ್ದರೆ ಬಿಡ್ತಿದ್ದಳು. ನಾನು ಹೇಳಲಿಲ್ಲ. ಕಣ್ಣು ಹೋದ ಮೇಲೆ ಸೇದೋಕೆ ಆಗ್ತಿರಲಿಲ್ಲ ಅವಳಿಗೆ. ಆರು ವರ್ಷ ನಾನೇ ಸೇದಿ ತಂದು ಕೊಟ್ಟೆ."

ಏಳುಮಲೈ ಮೂವತ್ತೆರಡು ಎಂದು ತಿದ್ದಿದ.